ಇಂಗ್ಲೆಂಡಿನಲ್ಲಿ ಚೊಚ್ಚಲ ಬಸಿರು: ಮಿಡ್‌ವೈಫ್ ಭೇಟಿಯನ್ನು ಗೊತ್ತುಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 29. ಪತಿಯ ಉದ್ಯೋಗದ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯಿತು; ನಾನೂ ಇಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಇದು ಚೊಚ್ಚಲ ಬಸಿರು, ಈಗ ಏಳನೆಯ ವಾರ. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ಡಾಕ್ಟರನ್ನು ನೋಡಬೇಕಾಗಿಲ್ಲ, ಮಿಡ್‌ವೈಫ್‌ಗೆ ನೀವೇ ಅರ್ಜಿ ಹಾಕಿಕೊಳ್ಳಿ ಎಂದರು. ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನಿಂಗೂ ಇಲ್ಲ. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಡಾಕ್ಟರೇ ನೋಡದ ಮೇಲೆ ಅದೆಂಥ ಆರೈಕೆ ಎಂದು ಅಮ್ಮ ದಿನವೂ ಕೇಳುತ್ತಾರೆ. ಏಳನೆಯ ತಿಂಗಳಲ್ಲಿ ಸೀಮಂತಕ್ಕೆ ಊರಿಗೆ ಹೋಗಿ ತವರಿನಲ್ಲೇ ಹೆರಿಗೆ ಮಾಡಿಸಿಕೊಳ್ಳುವುದು ಲೇಸೇ? ಇಲ್ಲೇ ಉಳಿಯುವುದಾದರೆ ತಪಾಸಣೆಗಳನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ತಡಮಾಡಬಾರದ ಸಂಗತಿಯೊಂದಿದೆ, ಮೊದಲು ಅದನ್ನು ಹೇಳಿ, ಉಳಿದದ್ದಕ್ಕೆ ಆಮೇಲೆ ಬರುತ್ತೇನೆ. ಅದು ನಿಮ್ಮ ಥೈರಾಯ್ಡ್ ಮಾತ್ರೆ. ಮೊದಲ ಹನ್ನೆರಡು ವಾರಗಳಲ್ಲಿ ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ಹೆಚ್ಚುಕಡಿಮೆ ಪೂರ್ತಿಯಾಗಿ ತಾಯಿಯಿಂದಲೇ ಬರಬೇಕು. ಅದಕ್ಕಾಗಿ ತಾಯಿಗೆ ಬೇಕಾಗುವ ಮಾತ್ರೆಯ ಪ್ರಮಾಣ ಬಸಿರಿನ ಮೊದಲ ವಾರಗಳಲ್ಲೇ ಏರುತ್ತದೆ. ಆದ್ದರಿಂದ ಮಿಡ್‌ವೈಫ್ ಭೇಟಿಗಾಗಿ ಕಾಯದೆ ನಾಳೆ ಬೆಳಿಗ್ಗೆಯೇ ಜಿಪಿ ಕ್ಲಿನಿಕ್ಕಿಗೆ ಮತ್ತೆ ಫೋನ್ ಮಾಡಿ. ಹೋದ ಸಲ ‘ನಾನು ಗರ್ಭಿಣಿ’ ಎಂದಷ್ಟೇ ಹೇಳಿರುತ್ತೀರಿ. ಅದಕ್ಕೆ ಸ್ವಾಗತ ಮೇಜಿನವರು ಕೊಟ್ಟ ಉತ್ತರ ಇಲ್ಲಿನ ಪದ್ಧತಿಯ ಪ್ರಕಾರ ಸರಿಯಾದದ್ದೇ. ಈ ಸಲ ‘ನಾನು ಏಳು ವಾರದ ಗರ್ಭಿಣಿ, ನನಗೆ ಹೈಪೋಥೈರಾಯ್ಡಿಸಮ್ ಇದೆ, ಲೆವೊಥೈರಾಕ್ಸಿನ್ ಇಷ್ಟು ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಿದ್ದೇನೆ, ರಕ್ತಪರೀಕ್ಷೆ ಮತ್ತು ಡೋಸಿನ ಬಗ್ಗೆ ಇವತ್ತೇ ವೈದ್ಯರೊಂದಿಗೆ ಮಾತನಾಡಬೇಕು’ ಎಂದು ಹೇಳಿ. ಊರಿನ ಬ್ರ್ಯಾಂಡ್ ಹೆಸರು ಇಲ್ಲಿ ಗೊತ್ತಾಗುವುದಿಲ್ಲ. ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ಔಷಧದ ಹೆಸರನ್ನೂ ಪ್ರಮಾಣವನ್ನೂ ನೋಡಿಕೊಂಡು ಹೇಳಿ. ವೈದ್ಯರು ಹೇಳುವವರೆಗೆ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ, ಏಕೆಂದರೆ ಅವು ಥೈರಾಕ್ಸಿನ್ ಮೈಗೆ ಹತ್ತದಂತೆ ತಡೆಯುತ್ತವೆ.

ಫೋಲಿಕ್ ಆಸಿಡ್ ಇನ್ನೂ ಶುರುಮಾಡಿರದಿದ್ದರೆ ಇಂದೇ ಶುರುಮಾಡಿ: ದಿನಕ್ಕೆ 400 ಮೈಕ್ರೋಗ್ರಾಂ, ಹನ್ನೆರಡು ವಾರ ತುಂಬುವವರೆಗೆ. ಜೊತೆಗೆ ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ. ನಮ್ಮ ಮೈಬಣ್ಣದವರಿಗೆ ಈ ದೇಶದ ಬಿಸಿಲು ಸಾಲದು. ಎರಡೂ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತವೆ. ಊರಿನಿಂದ ತಂದ 5 ಮಿಲಿಗ್ರಾಂ ಫೋಲಿಕ್ ಮಾತ್ರೆ ಪೆಟ್ಟಿಗೆಯಲ್ಲಿರಬಹುದು. ಅಷ್ಟು ದೊಡ್ಡ ಡೋಸನ್ನು ಇಲ್ಲಿ ಸಕ್ಕರೆ ಕಾಯಿಲೆ, ಅಪಸ್ಮಾರದ ಕೆಲವು ಔಷಧಗಳು, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದದ್ದು, ಇಂಥ ನಿರ್ದಿಷ್ಟ ಕಾರಣಗಳಿಗೆ ಮಾತ್ರ ಬರೆದುಕೊಡುತ್ತಾರೆ. ನಿಮಗೆ ಅದು ಬೇಕೇ ಎಂಬುದನ್ನು ಅದೇ ಫೋನಿನಲ್ಲಿ ಜಿಪಿಯವರನ್ನು ಕೇಳಿ.

ಇನ್ನು ನಿಮ್ಮ ತಾಯಿಯವರ ಪ್ರಶ್ನೆ. ‘ಮಿಡ್‌ವೈಫ್’ ಎಂದಾಗ ನಮ್ಮ ಮನಸ್ಸಿಗೆ ಬರುವುದು ‘ಸೂಲಗಿತ್ತಿ’ ಎಂಬ ಮಾತು. ಅದು ಗೌರವದ ಮಾತೇ ಹೌದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ನಿಮ್ಮ ತಾಯಿಯವರಿಗೂ ನೆನಪಿರಬಹುದು. ನರಸಮ್ಮನವರ ವಿದ್ಯೆ ಅಜ್ಜಿಯಿಂದ ಕೈಗೆ ಬಂದದ್ದು. ಇಲ್ಲಿಯ ಮಿಡ್‌ವೈಫ್ ಬಂದ ದಾರಿ ಬೇರೆ: ಸಾಮಾನ್ಯವಾಗಿ ಮೂರು ವರ್ಷದ ವಿಶ್ವವಿದ್ಯಾಲಯದ ಪದವಿ ಮುಗಿಸಿ, ಸರ್ಕಾರಿ ಕಾಯ್ದೆಯಡಿಯ ದಾಖಲೆ ಪುಸ್ತಕದಲ್ಲಿ ಹೆಸರು ನೋಂದಾಯಿಸಿಕೊಂಡವರು. ಈ ಕಸುಬಿಗೆ ಇಂಗ್ಲೆಂಡಿನಲ್ಲಿ 1902ರಲ್ಲೇ ಕಾಯ್ದೆ ಬಂತು. ರಕ್ತದೊತ್ತಡ, ಮೂತ್ರ, ಮಗುವಿನ ಬೆಳವಣಿಗೆ ನೋಡುವುದು, ರಕ್ತ ತೆಗೆಯುವುದು, ಸಹಜ ಹೆರಿಗೆಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ನಿಭಾಯಿಸುವುದು ಅವರ ಕೆಲಸ. ಸಹಜದ ಗೆರೆ ದಾಟಿದ್ದು ಕಂಡರೆ ತಜ್ಞ ವೈದ್ಯರಿಗೆ ಒಪ್ಪಿಸುವುದೂ ಅವರದೇ ಹೊಣೆ. ನಿಮಗೆ ಥೈರಾಯ್ಡ್ ಇರುವುದರಿಂದ ಮಧ್ಯೆ ಒಂದೋ ಎರಡೋ ಸಲ ಆಸ್ಪತ್ರೆಯ ತಜ್ಞರನ್ನು ಕಾಣಲು ಹೇಳಬಹುದು. ನಾನು ಹುಬ್ಬಳ್ಳಿಯಲ್ಲಿ ಕಲಿತು, ಅಲ್ಲಿಯ ಹೆರಿಗೆ ವಾರ್ಡುಗಳಲ್ಲಿ ದುಡಿದು, ಆಮೇಲೆ ಈ ದೇಶಕ್ಕೆ ಬಂದ ವೈದ್ಯೆ. ಬಂದ ಹೊಸದರಲ್ಲಿ ನನಗೂ ಈ ಏರ್ಪಾಟಿನ ಬಗ್ಗೆ ಅನುಮಾನವಿತ್ತು. ರಾತ್ರಿ ಪಾಳಿಗಳಲ್ಲಿ ಮಿಡ್‌ವೈಫ್‌ಗಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಮೇಲೆ ಆ ಅನುಮಾನ ಹೋಯಿತು.

ಆದರೆ ಊರಿನ ವ್ಯವಸ್ಥೆಗೂ ಇಲ್ಲಿಯದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ನಮ್ಮ ಹೆಣ್ಣುಮಕ್ಕಳು ಎಡವುವುದೂ ಅಲ್ಲಿಯೇ. ಕರ್ನಾಟಕದಲ್ಲಿ ಬಸಿರಿಯ ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆ ತಾನೇ ಬರುತ್ತಾಳೆ, ತಾಯಿ ಕಾರ್ಡ್ ಮಾಡಿಸುತ್ತಾಳೆ, ತಿಂಗಳ ಒಂಬತ್ತನೆಯ ತಾರೀಖು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಬನ್ನಿ ಎಂದು ನೆನಪಿಸುತ್ತಾಳೆ. ಇಲ್ಲಿ ನೀವು ಬಸಿರಿ ಎಂಬುದು ನೀವಾಗಿ ತಿಳಿಸುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಒಮ್ಮೆ ದಾಖಲಾದ ಮೇಲೆ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಆ ಮೊದಲ ಹೆಜ್ಜೆಯನ್ನು ಮಾತ್ರ ನೀವೇ ಇಡಬೇಕು. ಕೆಲವು ವರ್ಷಗಳ ಹಿಂದೆ ನನ್ನ ಕ್ಲಿನಿಕ್ಕಿಗೆ ಬಂದ ಉತ್ತರ ಕರ್ನಾಟಕದ ಒಬ್ಬ ತಂಗಿ 19ನೆಯ ವಾರದಲ್ಲಿದ್ದಳು. ಜಿಪಿಗೆ ತಿಳಿಸಿದ್ದೇನೆ, ಕರೆಯುತ್ತಾರೆ ಎಂದು ಆಕೆ ಮೂರು ತಿಂಗಳು ಕಾದಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಅಷ್ಟರಲ್ಲಿ ಕೆಲವು ಪರೀಕ್ಷೆಗಳ ಕಾಲ ದಾಟಿಹೋಗಿತ್ತು, ಹಾಗೆ ದಾಟಿದ್ದು ಮತ್ತೆ ಸಿಗುವುದಿಲ್ಲ ಎಂದು ನಾನು ಹೇಳಿದಾಗ ಆಕೆ ಅತ್ತದ್ದು ನನ್ನ ಕಣ್ಣ ಮುಂದೆಯೇ ಇದೆ.

ಅರ್ಜಿ ಹಾಕುವುದು ಕಷ್ಟದ ಕೆಲಸವಲ್ಲ. ನಿಮಗೆ ಹತ್ತಿರವಿರುವ, ಹೆರಿಗೆ ವಿಭಾಗವಿರುವ, ಸರ್ಕಾರಿ ಆರೋಗ್ಯ ಸೇವೆಯ ಅಂದರೆ ಎನ್‌ಎಚ್‌ಎಸ್ ಆಸ್ಪತ್ರೆಯ ಜಾಲತಾಣದಲ್ಲಿ ಗರ್ಭಿಣಿಯರು ತಾವೇ ನೋಂದಾಯಿಸಿಕೊಳ್ಳುವ ಅರ್ಜಿ ಇರುತ್ತದೆ. ಇಲ್ಲದಿದ್ದರೆ ಜಿಪಿ ಕ್ಲಿನಿಕ್ಕಿನವರೇ ಕಳುಹಿಸಿಕೊಡುತ್ತಾರೆ. ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳು ಕೈಗೆಟಕುವಂತಿದ್ದರೆ ಆಯ್ಕೆ ನಿಮ್ಮದು. ನನ್ನ ಸಲಹೆ, ನಡುರಾತ್ರಿ ನೋವು ಕಾಣಿಸಿಕೊಂಡರೆ ಸುಲಭವಾಗಿ ತಲುಪಬಹುದಾದದ್ದನ್ನು ಆರಿಸಿಕೊಳ್ಳಿ. ಕೊನೆಯ ಮುಟ್ಟಿನ ಮೊದಲ ದಿನದ ತಾರೀಖನ್ನು ಕೇಳುತ್ತಾರೆ. ವಾರಗಳ ಲೆಕ್ಕ ಶುರುವಾಗುವುದು ಅಲ್ಲಿಂದ. ಮೊದಲ ಭೇಟಿ, ಅಂದರೆ ಇಲ್ಲಿಯವರು ‘ಬುಕಿಂಗ್’ ಎನ್ನುವುದು, ಹತ್ತು ವಾರ ತುಂಬುವುದರೊಳಗೆ ಆಗಬೇಕೆಂಬುದು ರಾಷ್ಟ್ರೀಯ ಮಾರ್ಗಸೂಚಿ. ನೀವು ಏಳರಲ್ಲಿದ್ದೀರಿ, ಆದ್ದರಿಂದ ಈ ವಾರವೇ ಅರ್ಜಿ ಹೋಗಲಿ. ಒಂದು ವಾರ ಕಳೆದರೂ ಉತ್ತರ ಬರದಿದ್ದರೆ ಸುಮ್ಮನಿರಬೇಡಿ. ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಫೋನ್ ಮಾಡಿ, ಅರ್ಜಿ ತಲುಪಿದೆಯೇ ಎಂದು ಕೇಳಿ. ಕೇಳಿದರೆ ಇಲ್ಲಿ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಅರ್ಜಿಯಲ್ಲಿ ಸಣ್ಣದೆನಿಸಿದರೂ ಭೇಟಿಯನ್ನೇ ತಪ್ಪಿಸಬಲ್ಲ ಕೆಲವು ಸಂಗತಿಗಳಿವೆ. ಒಂದು ನಿಮ್ಮ ಹೆಸರು. ನಮ್ಮಲ್ಲಿ ಇನಿಷಿಯಲ್, ಊರಿನ ಹೆಸರು, ತಂದೆಯ ಹೆಸರು, ಗಂಡನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತವೆ. ಜಿಪಿಯಲ್ಲಿ ಒಂದು, ಆಸ್ಪತ್ರೆಯಲ್ಲಿ ಇನ್ನೊಂದು ಆದರೆ ನೀವು ಇಬ್ಬರು ಬೇರೆ ಬೇರೆ ರೋಗಿಗಳಾಗಿಬಿಡುತ್ತೀರಿ, ರಕ್ತಪರೀಕ್ಷೆಯ ಫಲಿತಾಂಶ ಒಂದು ಕಡೆ, ಸ್ಕ್ಯಾನಿಂಗಿನದು ಮತ್ತೊಂದು ಕಡೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲ ಕಡೆ ಬರೆಸಿ, ಹತ್ತು ಅಂಕಿಯ ಎನ್‌ಎಚ್‌ಎಸ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಳ್ಳಿ. ಇನ್ನೊಂದು ನಿಮ್ಮ ಫೋನ್. ಆಸ್ಪತ್ರೆಯಿಂದ ಬರುವ ಕರೆಗಳಲ್ಲಿ ಅನೇಕ ಸಲ ನಂಬರು ಕಾಣಿಸುವುದೇ ಇಲ್ಲ. ವಂಚಕರಿರಬಹುದೆಂದು ನಮ್ಮವರು ಎತ್ತುವುದಿಲ್ಲ, ಮಿಡ್‌ವೈಫ್ ಎರಡು ಸಲ ಪ್ರಯತ್ನಿಸಿ ಕಾಗದ ಹಾಕುತ್ತಾರೆ, ಕಾಗದ ಹಳೆಯ ಬಾಡಿಗೆ ಮನೆಗೆ ಹೋಗುತ್ತದೆ. ಮನೆ ಬದಲಿಸಿದ್ದರೆ ಜಿಪಿಗೂ ಆಸ್ಪತ್ರೆಗೂ ಬೇರೆ ಬೇರೆಯಾಗಿ ತಿಳಿಸಬೇಕು.

ಭಾಷೆಯ ಬಗ್ಗೆಯೂ ಹೇಳುತ್ತೇನೆ. ನಿಮ್ಮ ಇಂಗ್ಲಿಷ್ ಕಚೇರಿಗೆ ಸಾಕಾಗಬಹುದು; ಆದರೆ ಒಳನೋವು, ಬಿಳಿಸೆರಗು, ಮನಸ್ಸಿನ ಸಂಕಟ, ಇವನ್ನೆಲ್ಲ ಹೇಳುವಾಗ ಕನ್ನಡವೇ ಬೇಕೆನಿಸಿದರೆ ದುಭಾಷಿಯನ್ನು ಕೇಳುವ ಹಕ್ಕು ನಿಮಗಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಫೋನಿನ ಮೂಲಕ ದುಭಾಷಿಯನ್ನು ಜೋಡಿಸುತ್ತಾರೆ. ಅರ್ಜಿಯಲ್ಲಿ ‘ಕನ್ನಡ’ ಎಂದು ಸ್ಪಷ್ಟವಾಗಿ ಬರೆಯಿರಿ. ಭಾರತ ಎಂದ ಕೂಡಲೇ ಹಿಂದಿಯವರನ್ನು ಕರೆಸಿಬಿಡುವುದುಂಟು. ಪತಿಯೇ ಭಾಷಾಂತರ ಮಾಡಲಿ ಎಂದು ಮಿಡ್‌ವೈಫ್ ಒಪ್ಪುವುದಿಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಚಿಂತೆಯಿರಬಹುದು. ವೀಸಾ ಅರ್ಜಿಯ ಹೊತ್ತಿಗೇ ನೀವು ಈ ಸರ್ಕಾರಿ ಸೇವೆಗಾಗಿ ಆರೋಗ್ಯ ಸರ್‌ಚಾರ್ಜ್ ಕಟ್ಟಿರುವುದರಿಂದ ಮಿಡ್‌ವೈಫ್ ಭೇಟಿ, ಸ್ಕ್ಯಾನಿಂಗ್, ಹೆರಿಗೆ, ಸಿಸೇರಿಯನ್ ಬೇಕಾದರೆ ಅದೂ, ಯಾವುದಕ್ಕೂ ಮತ್ತೆ ಹಣ ಕೊಡಬೇಕಾಗಿಲ್ಲ. ಮಿಡ್‌ವೈಫ್ ಮೂಲಕ ಹೆರಿಗೆ ವಿನಾಯಿತಿ ಪತ್ರ ಮಾಡಿಸಿಕೊಂಡರೆ ಔಷಧ ಚೀಟಿಯ ಶುಲ್ಕವೂ ಎನ್‌ಎಚ್‌ಎಸ್ ದಂತ ಚಿಕಿತ್ಸೆಯ ಶುಲ್ಕವೂ ಮಗುವಿಗೆ ಒಂದು ವರ್ಷವಾಗುವವರೆಗೆ ಇರುವುದಿಲ್ಲ.

ಈಗ ಬುಕಿಂಗ್ ಭೇಟಿಗೆ ಬರೋಣ. ಇದು ಸುಮಾರು ಒಂದು ಗಂಟೆ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಹೊತ್ತು ಪ್ರಶ್ನೆಗಳೇ. ಎತ್ತರ, ತೂಕ, ರಕ್ತದೊತ್ತಡ, ಮೂತ್ರ ನೋಡಿ, ತೋಳಿನಿಂದ ಮೂರು ನಾಲ್ಕು ಸಣ್ಣ ಬಾಟಲಿ ರಕ್ತ ತೆಗೆಯುತ್ತಾರೆ. ಒಂದು ಪುಟ್ಟ ಯಂತ್ರದ ಕೊಳವೆಗೆ ಉಸಿರು ಊದಲು ಹೇಳುತ್ತಾರೆ. ನೀವು ಸಿಗರೇಟು ಸೇದುತ್ತೀರೆಂಬ ಅನುಮಾನದಿಂದಲ್ಲ, ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೆಂದು ಎಲ್ಲರಿಗೂ ನೋಡುವುದು ಇಲ್ಲಿಯ ಕ್ರಮ. ಮನೆಯ ಗ್ಯಾಸ್ ಬಾಯ್ಲರ್ ಕೆಟ್ಟು ವಿಷಗಾಳಿ ಸೋರುತ್ತಿದ್ದರೂ ಅದು ಸುಳಿವು ಕೊಡುತ್ತದೆ.

ಪ್ರಶ್ನೆಗಳಲ್ಲಿ ಎರಡು ನಮ್ಮವರಿಗೆ ಕಸಿವಿಸಿ ತರುವಂಥವು. ನೀವೂ ನಿಮ್ಮ ಪತಿಯೂ ರಕ್ತಸಂಬಂಧಿಗಳೇ ಎಂದು ಕೇಳುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ಇಲ್ಲಿ ಅದನ್ನು ಹೇಳಿಕೊಂಡರೆ ಕೀಳಾಗಿ ನೋಡಿಯಾರೆಂದು ‘ಇಲ್ಲ’ ಎಂದುಬಿಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತವೆ, ಆದರೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಸ್ವಲ್ಪ ಹೆಚ್ಚು. ಗೊತ್ತಿದ್ದರೆ ಆ ದಿಕ್ಕಿನಲ್ಲಿ ನೋಡಬಹುದು, ತಳಿಶಾಸ್ತ್ರ ತಜ್ಞರ ಸಲಹೆ ಕೊಡಿಸಬಹುದು. ಇನ್ನೊಂದು, ಪತಿಯನ್ನು ಹೊರಗೆ ಕೂರಿಸಿ ಕೇಳುವ ಪ್ರಶ್ನೆ: ಮನೆಯಲ್ಲಿ ನೀವು ಸುರಕ್ಷಿತವಾಗಿದ್ದೀರಾ, ಯಾರಾದರೂ ಹೊಡೆಯುವುದು, ಹೆದರಿಸುವುದು ಉಂಟೇ ಎಂದು. ಇದನ್ನು ಪ್ರತಿಯೊಬ್ಬ ಹೆಣ್ಣುಮಗಳನ್ನೂ ಕೇಳುತ್ತಾರೆ, ಆದ್ದರಿಂದ ನಿಮ್ಮ ಪತಿ ಬೇಸರಪಟ್ಟುಕೊಳ್ಳಬೇಕಾಗಿಲ್ಲ. ದುಭಾಷಿಯ ಕೆಲಸವನ್ನು ಗಂಡನಿಗೆ ಕೊಡದಿರುವ ಕಾರಣವೂ ಇದೇ. ಮನಸ್ಸು ಹೇಗಿದೆ, ಹಿಂದೆ ಖಿನ್ನತೆ ಇತ್ತೇ ಎಂದು ಕೇಳಿದಾಗಲೂ ‘ಎಲ್ಲ ಚೆನ್ನಾಗಿದೆ’ ಎಂದು ಮುಗಿಸಬೇಡಿ; ಊರು, ಬಂಧುಗಳು ದೂರವಿರುವಾಗ ಚೊಚ್ಚಲ ಬಸಿರಿನಲ್ಲಿ ಮನಸ್ಸು ಕುಗ್ಗುವುದು ಅಪರೂಪವಲ್ಲ, ಅದಕ್ಕೆ ಬೇರೆಯೇ ಮಿಡ್‌ವೈಫ್‌ಗಳ ಸಹಾಯವಿರುತ್ತದೆ. ಊರಿನಿಂದ ತಂದ ಲೇಹ್ಯ, ಕಷಾಯ, ಚೂರ್ಣ ಏನನ್ನಾದರೂ ಸೇವಿಸುತ್ತಿದ್ದರೆ ಡಬ್ಬವನ್ನೇ ಒಯ್ದು ತೋರಿಸಿ.

ಇಲ್ಲಿ ನಿಮ್ಮ ತಾಯಿಯವರಿಗೂ ಒಂದು ಕೆಲಸವಿದೆ. ಈ ಭೇಟಿಗೆ ಮೊದಲು ಅವರನ್ನು ಕೂರಿಸಿಕೊಂಡು ಫೋನಿನಲ್ಲಿ ಕೇಳಿ: ನಿಮ್ಮನ್ನು ಹೊತ್ತಾಗ ಅವರಿಗೆ ಬಿಪಿ ಏರಿತ್ತೇ, ಕಾಲು ಮುಖ ಊದಿ ಬೇಗ ಹೆರಿಗೆ ಮಾಡಿಸಿದ್ದರೇ, ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಇದೆಯೇ, ವಂಶದಲ್ಲಿ ಪದೇ ಪದೇ ರಕ್ತ ಕೊಡಿಸಬೇಕಾದ ಮಕ್ಕಳಿದ್ದರೇ. ತಾಯಿಗೆ ಬಸಿರಿನ ನಂಜು, ಅಂದರೆ ಪ್ರಿಎಕ್ಲಾಂಪ್ಸಿಯಾ, ಬಂದಿದ್ದು ಮಗಳದು ಚೊಚ್ಚಲ ಬಸಿರಾಗಿದ್ದರೆ, ಆ ಎರಡು ಕಾರಣಗಳು ಸೇರಿದವೆಂದೇ ಹನ್ನೆರಡನೆಯ ವಾರದಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದು ಇಲ್ಲಿಯ ನಿಯಮ. ಒಂದು ಮಾತ್ರೆ ಅಷ್ಟೇ, ಆದರೆ ಅದು ಸಿಗಬೇಕಾದರೆ ನಿಮ್ಮ ತಾಯಿಯವರ ನೆನಪು ಬೇಕು. ನೀವಾಗಿ ಮಾತ್ರ ಶುರುಮಾಡಬೇಡಿ. ಬರೆದುಕೊಟ್ಟ ಮೇಲೆ ತೆಗೆದುಕೊಳ್ಳಿ.

ಮೊದಲ ರಕ್ತದಲ್ಲಿ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ನೋಡುತ್ತಾರೆ. ಜೊತೆಗೆ ವಂಶದಲ್ಲಿ ಬರುವ ರಕ್ತದ ಕಾಯಿಲೆಗಳಾದ ಥಲಸೇಮಿಯಾ ಮತ್ತು ಸಿಕಲ್ ಸೆಲ್. ಹತ್ತು ವಾರದೊಳಗೆ ಎಂದು ನಾನು ಒತ್ತಿ ಹೇಳಲು ಈ ಕೊನೆಯದೇ ಮುಖ್ಯ ಕಾರಣ. ತಾಯಿ ಥಲಸೇಮಿಯಾದ ವಾಹಕಿ ಎಂದು ಗೊತ್ತಾದರೆ ತಂದೆಯ ರಕ್ತವನ್ನೂ ನೋಡಬೇಕು, ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮುಂದಿನ ಪರೀಕ್ಷೆ ಬೇಕೇ ಬೇಡವೇ ಎಂದು ದಂಪತಿ ಯೋಚಿಸಲು ಕಾಲ ಬೇಕು. ವಾಹಕರಿಗೆ ಸ್ವತಃ ಯಾವ ತೊಂದರೆಯೂ ಇರುವುದಿಲ್ಲವಾದ್ದರಿಂದ ಪರೀಕ್ಷೆ ಮಾಡಿಸುವವರೆಗೆ ತಿಳಿಯುವುದೇ ಇಲ್ಲ. ಊರಿನಲ್ಲಿ ಮದುವೆಗೆ ಮುಂಚೆಯೋ ಬೇರೆ ಕಾರಣಕ್ಕೋ ಈ ಪರೀಕ್ಷೆಯಾಗಿದ್ದರೆ ಆ ಕಾಗದ ತರಿಸಿಕೊಳ್ಳಿ.

ಸ್ಕ್ಯಾನಿಂಗ್ ಎರಡೇ. ಊರಿನಲ್ಲಿ ಪ್ರತಿ ತಿಂಗಳೂ ಮಾಡಿಸಿಕೊಂಡವರನ್ನು ನೋಡಿದ ಕಣ್ಣಿಗೆ ಇದು ಕಡಿಮೆಯೆನಿಸುವುದು ಸಹಜ. ಮೊದಲನೆಯದು ಸುಮಾರು 11ರಿಂದ 14 ವಾರದ ನಡುವೆ: ಹೆರಿಗೆಯ ತಾರೀಖನ್ನು ಖಚಿತಪಡಿಸುತ್ತದೆ, ಅವಳಿಯೇ ಎಂದು ತಿಳಿಸುತ್ತದೆ, ನೀವು ಬೇಕೆಂದರೆ ವರ್ಣತಂತುಗಳ ದೋಷಗಳಾದ ಡೌನ್ಸ್, ಎಡ್ವರ್ಡ್ಸ್, ಪಟಾವ್ ಸಿಂಡ್ರೋಮ್‌ಗಳ ಸಾಧ್ಯತೆಯನ್ನು ರಕ್ತಪರೀಕ್ಷೆಯೊಂದಿಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ಈ ಕಾಲ ದಾಟಿದರೆ ಇಪ್ಪತ್ತನೆಯ ವಾರದವರೆಗೆ ಬೇರೊಂದು ರಕ್ತಪರೀಕ್ಷೆ ಇದೆಯಾದರೂ ಅದು ಡೌನ್ಸ್ ಒಂದನ್ನೇ ನೋಡುತ್ತದೆ, ಅಷ್ಟು ನಿಖರವೂ ಅಲ್ಲ. ಎರಡನೆಯದು 18ರಿಂದ 21 ವಾರದೊಳಗೆ, ಮಗುವಿನ ಹೃದಯ, ಬೆನ್ನುಹುರಿ, ಮೂತ್ರಪಿಂಡ, ತುಟಿಯವರೆಗೆ ಅಂಗಾಂಗಗಳನ್ನು ಒಂದೊಂದಾಗಿ ನೋಡುವಂಥದ್ದು. ಆಮೇಲೆ ಕಾರಣವಿದ್ದರೆ ಮಾತ್ರ ಹೆಚ್ಚಿನ ಸ್ಕ್ಯಾನಿಂಗ್. ಆರನೆಯ ವಾರದಲ್ಲಿ ಎದೆಬಡಿತ ನೋಡಲಿಲ್ಲವೆಂಬುದು ಆರೈಕೆಯ ಕೊರತೆಯಲ್ಲ ಎಂದು ತಾಯಿಯವರಿಗೆ ಧೈರ್ಯವಾಗಿ ಹೇಳಬಹುದು. ಆದರೆ ಈಗ ಹೊಟ್ಟೆನೋವು ಅಥವಾ ರಕ್ತಸ್ರಾವ ಕಂಡರೆ ಅದು ಬೇರೆ ಮಾತು; ಜಿಪಿಗೆ ಅಥವಾ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದರೆ ಆಸ್ಪತ್ರೆಯ ಆರಂಭಿಕ ಗರ್ಭ ಘಟಕದಲ್ಲಿ ಬೇಗ ಸ್ಕ್ಯಾನಿಂಗ್ ಮಾಡುತ್ತಾರೆ. ನೋವು ಅಥವಾ ಸ್ರಾವ ವಿಪರೀತವಾಗಿದ್ದರೆ ತುರ್ತು ಕರೆಯ 999. ಎರಡನೆಯ ಸ್ಕ್ಯಾನಿಂಗಿನ ಹೊತ್ತಿಗೆ, ಗಂಡೋ ಹೆಣ್ಣೋ ತಿಳಿಯಬೇಕೇ ಎಂಬ ಮಾತು ಬರಬಹುದು. 1994ರ ಕಾಯ್ದೆಯಿಂದ ಭಾರತದಲ್ಲಿ ಅಪರಾಧವಾಗಿರುವುದು ಇಲ್ಲಿ ಅಪರಾಧವಲ್ಲ. ಆ ಕಾಯ್ದೆ ಏಕೆ ಬೇಕಾಯಿತೆಂದು ಬಲ್ಲ ನಾನು, ಊರಿನಿಂದ ಯಾರೇ ಒತ್ತಾಯಿಸಿದರೂ ಕೇಳಬೇಡಿ ಎನ್ನುತ್ತೇನೆ.

ಚೊಚ್ಚಲಿನವರಿಗೆ ಒಟ್ಟು ಸುಮಾರು ಹತ್ತು ಭೇಟಿಗಳು: ಬುಕಿಂಗ್ ಆದ ಮೇಲೆ 16, 25, 28, 31, 34, 36, 38, 40ನೆಯ ವಾರ, ಹೆರಿಗೆಯಾಗದಿದ್ದರೆ 41. ಇವು ನಡೆಯುವುದು ಆಸ್ಪತ್ರೆಯಲ್ಲಲ್ಲ, ಹೆಚ್ಚಾಗಿ ಜಿಪಿ ಕ್ಲಿನಿಕ್ಕಿನಲ್ಲೋ ಬಡಾವಣೆಯ ಸಮುದಾಯ ಕೇಂದ್ರದಲ್ಲೋ. ಪ್ರತಿ ಭೇಟಿಯಿಂದ ಏಳುವ ಮೊದಲು ಮುಂದಿನದರ ತಾರೀಖು ಬರೆಸಿಕೊಂಡೇ ಏಳಿ. ‘ಕಾಗದ ಬರುತ್ತದೆ’ ಎಂದರೆ ಎಷ್ಟು ದಿನದೊಳಗೆ, ಬರದಿದ್ದರೆ ಯಾರಿಗೆ ಫೋನ್ ಮಾಡಲಿ ಎಂದು ಕೇಳಿಕೊಳ್ಳಿ. ಮೊದಲ ಸ್ಕ್ಯಾನಿಂಗಿನ ತಾರೀಖು ಹನ್ನೆರಡನೆಯ ವಾರ ಹತ್ತಿರವಾದರೂ ಬಾರದಿದ್ದರೆ ನೀವೇ ಸ್ಕ್ಯಾನಿಂಗ್ ವಿಭಾಗವನ್ನು ವಿಚಾರಿಸಬೇಕು. ಭೇಟಿಯ ದಿನ ಬರಲಾಗದಿದ್ದರೆ ಮೊದಲೇ ತಿಳಿಸಿ ಬದಲಿಸಿಕೊಳ್ಳಿ. ಕೆಲಸಕ್ಕೆ ಸೇರಿ ಮೂರೇ ತಿಂಗಳಾಯಿತೆಂದು ಅಂಜಬೇಡಿ: ಸೇರಿದ ದಿನದಿಂದಲೇ, ಗರ್ಭಿಣಿ ತಪಾಸಣೆಗೆ ಸಂಬಳ ಕಡಿತವಿಲ್ಲದ ಬಿಡುವು ಉದ್ಯೋಗಿಗೆ ಕಾನೂನು ಕೊಟ್ಟ ಹಕ್ಕು. ಪತಿಗೂ ಎರಡು ಭೇಟಿಗಳಿಗೆ, ಸಂಬಳವಿಲ್ಲದಿದ್ದರೂ, ತಲಾ ಆರೂವರೆ ಗಂಟೆಯ ಬಿಡುವು ಸಿಗುತ್ತದೆ. ಅವನ್ನು ಎರಡು ಸ್ಕ್ಯಾನಿಂಗಿಗೆ ಇಟ್ಟುಕೊಳ್ಳಿ. ಹೆರಿಗೆ ರಜೆಗೆ ಕಚೇರಿಯವರು ಕೇಳುವ ಎಂಎಟಿಬಿ1 ಎಂಬ ಪ್ರಮಾಣಪತ್ರವನ್ನು 20 ವಾರ ಕಳೆದ ಮೇಲೆ ಮಿಡ್‌ವೈಫ್ ಕೊಡುತ್ತಾರೆ.

ಫಲಿತಾಂಶಗಳನ್ನು ಊರಿಗೆ ಓದಿ ಹೇಳುವಾಗ ಅಳತೆಗಳ ಗೊಂದಲವಾಗುತ್ತದೆ. ಇಲ್ಲಿ ಹಿಮೋಗ್ಲೋಬಿನ್ 112 ಎಂದರೆ ಊರಿನ ಲೆಕ್ಕದಲ್ಲಿ 11.2, ಮೊದಲ ತಿಂಗಳುಗಳಲ್ಲಿ 110ಕ್ಕಿಂತ, 28ನೆಯ ವಾರದಲ್ಲಿ 105ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ. ಸಕ್ಕರೆಯ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಭಾರತದಲ್ಲಿ ಎಲ್ಲ ಬಸಿರಿಯರಿಗೂ ಕೊಡುವ ಕಬ್ಬಿಣದ ಮಾತ್ರೆಯನ್ನು ಇಲ್ಲಿ ರಕ್ತ ಕಡಿಮೆಯಿದ್ದವರಿಗೆ ಮಾತ್ರ ಕೊಡುತ್ತಾರೆ. ನೀವು ಸಸ್ಯಾಹಾರಿಯಾಗಿದ್ದರೆ ಅದನ್ನು ಹೇಳಿ, ಬಿ12 ನೋಡಬಹುದೇ ಎಂದು ಕೇಳಿ.

ಸಕ್ಕರೆಯ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರದಿಂದಿರಬೇಕು. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ದಕ್ಷಿಣ ಏಷ್ಯಾದ ಹೆಂಗಸರಲ್ಲಿ ಹೆಚ್ಚು, ತೆಳ್ಳಗಿರುವವರಲ್ಲೂ. ಆದ್ದರಿಂದ 24ರಿಂದ 28 ವಾರದ ನಡುವೆ ನಿಮಗೆ ಗ್ಲೂಕೋಸ್ ಪರೀಕ್ಷೆ ಆಗಬೇಕು: ರಾತ್ರಿಯಿಡೀ ಉಪವಾಸ, ಬೆಳಿಗ್ಗೆ ಒಮ್ಮೆ ರಕ್ತ, 75 ಗ್ರಾಂ ಗ್ಲೂಕೋಸಿನ ಸಿಹಿನೀರು, ಎರಡು ಗಂಟೆ ಅಲ್ಲೇ ಕೂತು ಮತ್ತೆ ರಕ್ತ. ಖಾಲಿ ಹೊಟ್ಟೆಯಲ್ಲಿ 5.6 ಅಥವಾ ಎರಡು ಗಂಟೆಯ ಮೇಲೆ 7.8 ಮುಟ್ಟಿದರೆ ಕಾಯಿಲೆ ಎಂದು ತೀರ್ಮಾನ. 16ನೆಯ ವಾರದ ಭೇಟಿಯಲ್ಲೇ ಇದಕ್ಕೆ ದಿನ ಗೊತ್ತಾಗಿದೆಯೇ ಎಂದು ವಿಚಾರಿಸಿ.

ಊರಿನಲ್ಲಿ ಕೊಡುವ, ಜನ ಟಿಟಿ ಎನ್ನುವ ಧನುರ್ವಾಯುವಿನ ಇಂಜೆಕ್ಷನ್ ಇಲ್ಲಿ ಕೊಡಲಿಲ್ಲವೆಂದು ತಾಯಿಯವರು ಕೇಳಿದರೆ, 16ನೆಯ ವಾರದಿಂದ ಕೊಡುವ ನಾಯಿಕೆಮ್ಮಿನ ಲಸಿಕೆಯಲ್ಲೇ ಧನುರ್ವಾಯುವಿನ ರಕ್ಷಣೆಯೂ ಸೇರಿದೆ ಎಂದು ಹೇಳಿ. 2024ರ ಸೆಪ್ಟೆಂಬರಿನಿಂದ, 28ನೆಯ ವಾರದ ಮೇಲೆ, ಎಳೆಗೂಸಿನ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ವೈರಸ್ಸಿಗೂ ಲಸಿಕೆ ಕೊಡುತ್ತಿದ್ದಾರೆ. ಚಳಿಗಾಲದಲ್ಲಿ ಫ್ಲೂ ಲಸಿಕೆ. ಕೆಲವು ಕಡೆ ಇವನ್ನು ಮಿಡ್‌ವೈಫ್ ಕೊಟ್ಟರೆ ಕೆಲವು ಕಡೆ ಜಿಪಿಯಲ್ಲಿ ಹೋಗಿ ಕೇಳಿ ಪಡೆಯಬೇಕು.

ಎರಡು ಭೇಟಿಗಳ ನಡುವಿನ ದಿನಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಹೆರಿಗೆ ವಿಭಾಗದಲ್ಲಿ ಹಗಲೂ ರಾತ್ರಿಯೂ ಫೋನ್ ಎತ್ತುವ ‘ಟ್ರಯಾಜ್’ ಎಂಬ ವ್ಯವಸ್ಥೆ ಇರುತ್ತದೆ. ಆ ನಂಬರನ್ನು ಬುಕಿಂಗ್ ದಿನವೇ ನಿಮ್ಮ ಫೋನಿನಲ್ಲೂ ಪತಿಯ ಫೋನಿನಲ್ಲೂ ಉಳಿಸಿಕೊಳ್ಳಿ. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು, ರಕ್ತ ಅಥವಾ ನೀರು ಹೋಗುವುದು, ಜ್ವರ, ಇವಕ್ಕೆಲ್ಲ ಕೂಡಲೇ ಫೋನ್ ಮಾಡಬೇಕು. ಅಂಗೈ ಅಂಗಾಲಿನಲ್ಲಿ, ಅದೂ ರಾತ್ರಿ ಹೊತ್ತು, ಗುಳ್ಳೆಯಿಲ್ಲದ ತುರಿಕೆ ಬಂದರೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಾಗಬೇಡಿ. ಅದು ಬಸಿರಿನಲ್ಲಿ ಯಕೃತ್ತಿನ (ಲಿವರ್) ಪಿತ್ತರಸ ರಕ್ತಕ್ಕೆ ಸೇರುವ ತೊಂದರೆಯಿರಬಹುದು, ನಮ್ಮ ಕಡೆಯ ಹೆಂಗಸರಲ್ಲಿ ಇದು ಹೆಚ್ಚು. ಮಗುವಿನ ಮಿಸುಕಾಟ 24 ವಾರದೊಳಗೆ ತಿಳಿಯದಿದ್ದರೆ ಹೇಳಿ. ತಿಳಿದ ಮೇಲೆ ಅದು ಎಂದಿನಂತಿಲ್ಲ, ಕಡಿಮೆಯಾಗಿದೆ ಎನಿಸಿದ ಗಳಿಗೆಯಲ್ಲೇ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ತಿಂಗಳು ತುಂಬಿದಂತೆ ಮಗು ಜಾಗವಿಲ್ಲದೆ ಮಿಸುಕುವುದು ಕಡಿಮೆಯಾಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿದೆ, ಅದು ತಪ್ಪು. ನಡುರಾತ್ರಿ ಇಷ್ಟಕ್ಕೆಲ್ಲ ತೊಂದರೆ ಕೊಡುವುದೇ ಎಂಬ ಸಂಕೋಚ ನಮ್ಮ ಹೆಣ್ಣುಮಕ್ಕಳಿಗೆ ಬಹಳ. ಹತ್ತು ಸಲ ಹೋಗಿ ಏನೂ ಇಲ್ಲವೆಂದು ಮನೆಗೆ ಬಂದರೂ ಹನ್ನೊಂದನೆಯ ಸಲ ಹೋಗಿ ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ.

ಕೊನೆಯದಾಗಿ ತವರು. ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬುದರ ಹಿಂದಿನ ಪ್ರೀತಿಯನ್ನು ನಾನು ಬಲ್ಲೆ, ಹೋಗಬೇಡಿ ಎನ್ನುವುದಿಲ್ಲ. ಆದರೆ ಲೆಕ್ಕ ಸರಿಯಾಗಿರಲಿ. ಸಾಮಾನ್ಯವಾಗಿ 28 ವಾರ ದಾಟಿದ ಮೇಲೆ ವಿಮಾನ ಸಂಸ್ಥೆಗಳು ವೈದ್ಯರ ಅಥವಾ ಮಿಡ್‌ವೈಫ್ ಪತ್ರ ಕೇಳುತ್ತವೆ, 36-37 ವಾರಕ್ಕೆ ಹತ್ತಿಸಿಕೊಳ್ಳುವುದೇ ಇಲ್ಲ. ಗ್ಲೂಕೋಸ್ ಪರೀಕ್ಷೆ ಮುಗಿಸಿ, ಥೈರಾಯ್ಡ್ ಹದಕ್ಕೆ ಬಂದದ್ದನ್ನು ನೋಡಿಕೊಂಡು, ಸೀಮಂತವನ್ನು 26-27ನೆಯ ವಾರಕ್ಕೆ ಇಟ್ಟುಕೊಂಡರೆ ಹೋಗಿ ಬರುವುದು ಎರಡೂ ಸುಲಭ. ಅಲ್ಲೇ ಹೆರಿಗೆಯಾದರೆ ಕೂಸಿಗೆ ಪಾಸ್‌ಪೋರ್ಟ್ ಮಾಡಿಸಿ, ಇಲ್ಲಿಗೆ ಬರಲು ಪ್ರತ್ಯೇಕ ವೀಸಾ ಪಡೆಯಬೇಕು. ಅಲ್ಲಿಯವರೆಗೆ ತಂದೆ ಒಂದು ದೇಶದಲ್ಲಿ, ಕೂಸು ಒಂದು ದೇಶದಲ್ಲಿ. ನಿಮ್ಮ ಪರಿಸ್ಥಿತಿಯಲ್ಲಿ ನನಗೆ ಸರಿಯೆನಿಸುವುದು, ಸೀಮಂತ ಅಲ್ಲಿ, ಹೆರಿಗೆ ಇಲ್ಲಿ, ಬಾಣಂತನಕ್ಕೆ ತಾಯಿಯವರನ್ನು ಸಂದರ್ಶಕರ ವೀಸಾದ ಮೇಲೆ ಇಲ್ಲಿಗೇ ಕರೆಸಿಕೊಳ್ಳುವುದು. ಅದರಲ್ಲಿ ಆರು ತಿಂಗಳವರೆಗೆ ಇರಬಹುದು. ಅವರಿಗೆ ಇಲ್ಲಿಯ ಆಸ್ಪತ್ರೆ ಚಿಕಿತ್ಸೆ ಉಚಿತವಲ್ಲವಾದ್ದರಿಂದ ಪ್ರವಾಸ ವಿಮೆ ಮಾಡಿಸಲೇಬೇಕು.

ಹೆರಿಗೆಗೆ ಊರಿಗೇ ಹೋಗುವುದೆಂದು ನೀವಿಬ್ಬರೂ ತೀರ್ಮಾನಿಸಿದರೂ ಇಲ್ಲಿಯ ನೋಂದಣಿಯನ್ನು ಬಿಡಬೇಡಿ. ಹೊರಡುವ ಮೊದಲು ರಕ್ತದ ಗುಂಪು, ಎಲ್ಲ ಫಲಿತಾಂಶ, ಎರಡೂ ಸ್ಕ್ಯಾನಿಂಗಿನ ವರದಿ, ಹಾಕಿಸಿಕೊಂಡ ಲಸಿಕೆ, ಈಗಿನ ಥೈರಾಕ್ಸಿನ್ ಪ್ರಮಾಣ ಇವನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಳ್ಳಿ. ಇಲ್ಲಿಯ ಆಸ್ಪತ್ರೆಯ ಆ್ಯಪ್ ದಾವಣಗೆರೆಯ ವೈದ್ಯರ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಮತ್ತು ಹೆರಿಗೆ ಮಾಡಿಸಿಕೊಳ್ಳಬೇಕೆಂದಿರುವ ಅಲ್ಲಿಯ ಆಸ್ಪತ್ರೆಗೆ ನಿಮ್ಮ ತಾಯಿಯವರು ಈಗಲೇ ಒಮ್ಮೆ ಹೋಗಿ, ಏಳನೆಯ ತಿಂಗಳಲ್ಲಿ ಬರುವವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ ಬರಲಿ.